ಕಾರ್ಖಾನೆ ಬಂತು, ಕಸುಬು ಉಳಿಯುತ್ತದೆಯೇ? ‘ಮೇಕ್ ಇನ್ ಇಂಡಿಯಾ’ ಮತ್ತು ನಮ್ಮ ಮೂರು ಜಿಲ್ಲೆಗಳು

ಅಂತರಸನಹಳ್ಳಿ ವರ್ಕ್‌ಶಾಪ್, ತುಮಕೂರು

2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ಅವರು ನಮ್ಮ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಆಹಾರ ಪಾರ್ಕನ್ನು ಉದ್ಘಾಟಿಸಿದರು. ಮರುದಿನವೇ ದೆಹಲಿಯ ವಿಜ್ಞಾನ ಭವನದಲ್ಲಿ ‘ಮೇಕ್ ಇನ್ ಇಂಡಿಯಾ’ ಅಭಿಯಾನಕ್ಕೆ ಚಾಲನೆ ಸಿಕ್ಕಿತು. ಆ ಎರಡು ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅದೇ ವರ್ಷ ನಾನು ಪೀಣ್ಯದ ಕೆಲಸ ಬಿಟ್ಟು ಊರಿಗೆ ಬಂದು, ಅಂತರಸನಹಳ್ಳಿಯಲ್ಲಿ ಬಾಡಿಗೆಗೆ ಶೆಡ್ ಹಿಡಿದು, ಬ್ಯಾಂಕ್ ಸಾಲದಲ್ಲಿ ಒಂದು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಲೇತ್ ಹಾಕಿಸಿದ್ದೆ. ಇಂದು ನನ್ನಲ್ಲಿ ಮೂರು ಯಂತ್ರಗಳಿವೆ, ಏಳು ಜನ ಕೆಲಸ ಮಾಡುತ್ತಾರೆ.

ಈ ಹತ್ತು ವರ್ಷಗಳಲ್ಲಿ ಜಿಲ್ಲೆಗೆ ದೊಡ್ಡ ಕಾರ್ಖಾನೆಗಳು ಬಂದಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವುಗಳ ಕೆಲಸ ನಮ್ಮಂಥ ಸಣ್ಣ ಶೆಡ್ಡುಗಳ ತನಕ ಹರಿದು ಬರುವುದು ಇನ್ನೂ ಬಹಳ ಕಡಿಮೆ. ಕಳೆದ ತಿಂಗಳು ನಡೆದದ್ದನ್ನೇ ಹೇಳುತ್ತೇನೆ. ಒಂದು ದೊಡ್ಡ ಕಂಪನಿಗೆ ನಲವತ್ತು ಮಿಲಿಮೀಟರ್ ಹೊರವ್ಯಾಸದ, ಟೊಳ್ಳು ಕೊಳವೆಯಂಥ ಉಕ್ಕಿನ ಬುಶ್‌ಗಳನ್ನು ಮೊದಲ ಬಾರಿಗೆ ಮಾಡಿಕೊಟ್ಟೆ. ಆರು ನೂರು ಬುಶ್‌ಗಳೂ ವಾಪಸ್ ಬಂದವು. ವ್ಯಾಸವು ಕೆಳಮಿತಿಗಿಂತ ಎಂಟು ಒಂಬತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಡಿಮೆ ಇದೆ ಎಂಬುದು ಅವರ ವರದಿ. ನಮ್ಮ ಹುಡುಗರು ಪ್ರತಿಯೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದೇ ಡಬ್ಬಿಗೆ ಹಾಕಿದ್ದರು, ಆಗ ಎಲ್ಲವೂ ಮಿತಿಯೊಳಗೇ ಇದ್ದವು. ಮೈಕ್ರೋಮೀಟರನ್ನು ಮತ್ತೆ ಕ್ಯಾಲಿಬ್ರೇಷನ್ (ನಿಖರತೆಯ ಪರೀಕ್ಷೆ) ಮಾಡಿಸಿದೆ, ಅದರಲ್ಲಿಯೂ ದೋಷವಿಲ್ಲ.

ಹಣದ ವಿಷಯವೂ ಇದೆ. ಸಣ್ಣ ಉದ್ದಿಮೆಗಳಿಗೆ 45 ದಿನಗಳ ಒಳಗೆ ಬಿಲ್ ಪಾವತಿಸಬೇಕೆಂದು 2006ರ ಕಾನೂನೇ ಹೇಳುತ್ತದೆ. ನನಗೆ ತೊಂಬತ್ತು ದಿನಗಳ ಮೊದಲು ಹಣ ಕಂಡ ನೆನಪಿಲ್ಲ. ಕಾನೂನು ಹಿಡಿದು ಕೇಳಲು ಹೋದರೆ ಮುಂದಿನ ಆರ್ಡರ್ ಬರುವುದಿಲ್ಲ ಎಂಬ ಭಯ ನನಗೊಬ್ಬನಿಗೇ ಇರುವಂಥದ್ದಲ್ಲ.

ಹಾಗಾಗಿ ನನ್ನ ಪ್ರಶ್ನೆ ಇದು. ಹೊರಗಿನಿಂದ ಬಂದ ಬಂಡವಾಳ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಸುಬಾಗಿ ಬೇರೂರಬೇಕಾದರೆ ಏನಾಗಬೇಕು? ಪಕ್ಷ ರಾಜಕಾರಣವನ್ನು ಬದಿಗಿಟ್ಟು, ತಾವು ಕಂಡದ್ದನ್ನು ಬರೆಯಬೇಕೆಂದು ಕೋರುತ್ತೇನೆ.

ಅರ್ಥಶಾಸ್ತ್ರ ಉಪನ್ಯಾಸಕಿ, ತುಮಕೂರು

ವರ್ಕ್‌ಶಾಪಿನವರ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಲೆಕ್ಕವನ್ನು ಒಮ್ಮೆ ನೋಡೋಣ. ದೇಶದ ಒಟ್ಟು ಉತ್ಪನ್ನದಲ್ಲಿ ತಯಾರಿಕಾ ವಲಯದ ಪಾಲನ್ನು 2022ರ ಹೊತ್ತಿಗೆ ಶೇ 25ಕ್ಕೆ ಏರಿಸುವುದು ಮತ್ತು ಹತ್ತು ಕೋಟಿ ಉದ್ಯೋಗ ಸೃಷ್ಟಿಸುವುದು ಅಭಿಯಾನದ ಗುರಿಗಳಾಗಿದ್ದವು. ಈ ಎರಡೂ ಗುರಿಗಳು 2011ರ ರಾಷ್ಟ್ರೀಯ ತಯಾರಿಕಾ ನೀತಿಯಲ್ಲಿಯೇ ಇದ್ದವು ಎಂಬುದನ್ನು ಮರೆಯಬಾರದು. ಎಂದರೆ ಇದು ಒಂದು ಸರ್ಕಾರದ ಕನಸು ಮಾತ್ರ ಆಗಿರಲಿಲ್ಲ. ಗುರಿಯ ವರ್ಷ ಮುಂದೆ 2025ಕ್ಕೆ ಸರಿಯಿತು, ಪಾಲು ಮಾತ್ರ ಶೇ 16, 17ರ ಸುತ್ತಲೇ ಉಳಿಯಿತು. ಉದ್ಯೋಗದ ಚಿತ್ರ ಇನ್ನೂ ಚಿಂತೆಗೀಡುಮಾಡುತ್ತದೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ತಯಾರಿಕಾ ವಲಯದವರ ಪಾಲು 2018-19ರಲ್ಲಿ ಶೇ 12.1 ಇದ್ದದ್ದು 2023-24ರಲ್ಲಿ ಶೇ 11.4ಕ್ಕೆ ಇಳಿದಿದೆ. ಅದೇ ಅವಧಿಯಲ್ಲಿ ಕೃಷಿಯ ಪಾಲು ಶೇ 42.5ರಿಂದ ಶೇ 46.1ಕ್ಕೆ ಏರಿದೆ. ಹೊಲ ಬಿಟ್ಟು ಕಾರ್ಖಾನೆಗೆ ಹೋಗಬೇಕಾಗಿದ್ದವರು ಹೊಲಕ್ಕೇ ಮರಳಿದ್ದಾರೆ ಎಂದೇ ಇದನ್ನು ಓದಿಕೊಳ್ಳಬೇಕಾಗುತ್ತದೆ.

ಹಾಗೆಂದು ಏನೂ ಆಗಿಲ್ಲ ಎನ್ನುವುದು ಅನ್ಯಾಯವಾದೀತು. ಮೊಬೈಲ್ ಫೋನ್ ತಯಾರಿಕೆಯ ಮೌಲ್ಯ 2014-15ರಲ್ಲಿ 18,900 ಕೋಟಿ ರೂಪಾಯಿ ಇತ್ತು, 2023-24ರಲ್ಲಿ 4.22 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಆಮದು ಫೋನುಗಳ ಮೇಲೆ 2017ರಿಂದ ಹಂತಹಂತವಾಗಿ ಸುಂಕ ಏರಿಸಿದ್ದು ಮತ್ತು 2020ರಿಂದ ಪಿಎಲ್‌ಐ ಎಂಬ ಪ್ರೋತ್ಸಾಹಧನ ಕೊಟ್ಟಿದ್ದು ಎರಡೂ ಇದಕ್ಕೆ ಕಾರಣ. ಹದಿನಾಲ್ಕು ವಲಯಗಳಿಗೆ ಸೇರಿ 1.97 ಲಕ್ಷ ಕೋಟಿ ರೂಪಾಯಿಯನ್ನು ಈ ಯೋಜನೆಗೆ ಮೀಸಲಿಡಲಾಯಿತು. ಮೊಬೈಲ್ ತಯಾರಕರಿಗೆ ಹೆಚ್ಚುವರಿ ಮಾರಾಟದ ಮೇಲೆ ಶೇ 4ರಿಂದ 6ರಷ್ಟು ಹಣ ಸಿಗುತ್ತದೆ.

ಇಲ್ಲಿಯೇ ವರ್ಕ್‌ಶಾಪಿನವರ ಪ್ರಶ್ನೆಯ ಗಂಟು ಇದೆ ಎಂದು ನನಗನ್ನಿಸುತ್ತದೆ. ಪ್ರೋತ್ಸಾಹಧನವನ್ನು ಮಾರಾಟದ ಮೊತ್ತದ ಮೇಲೆ ಎಣಿಸುವಾಗ, ಆ ಫೋನಿನ ಪರದೆ, ಕ್ಯಾಮೆರಾ, ಚಿಪ್ ಎಲ್ಲಿಂದ ಬಂದವು ಎಂಬುದು ಹಿಂದೆ ಸರಿಯುತ್ತದೆ. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿ ಮಾರಿದರೂ ಪೂರ್ತಿ ಬೆಲೆಯೇ ಲೆಕ್ಕಕ್ಕೆ ಸಿಗುತ್ತದೆ. ಬಿಡಿಭಾಗಗಳ ತಯಾರಿಕೆಗೆಂದೇ 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಮೊದಲು ಜೋಡಣೆ, ಆಮೇಲೆ ಬಿಡಿಭಾಗ ಎಂಬ ಈ ಕ್ರಮವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ನಡುವೆ ಕಳೆದ ಐದು ವರ್ಷಗಳಲ್ಲಿ ಸಣ್ಣ ವರ್ಕ್‌ಶಾಪುಗಳನ್ನು ತಯಾರು ಮಾಡುವ ಕೆಲಸ ಜೊತೆಜೊತೆಗೇ ನಡೆಯಬೇಕಾಗಿತ್ತು.

ವಿದೇಶಿ ನೇರ ಬಂಡವಾಳದ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. 2013-14ರಲ್ಲಿ ಸುಮಾರು 36 ಬಿಲಿಯನ್ ಡಾಲರ್ ಇದ್ದ ಒಟ್ಟು ಒಳಹರಿವು 2024-25ರಲ್ಲಿ ಸುಮಾರು 81 ಬಿಲಿಯನ್ ಡಾಲರ್ ಆಯಿತು. ಇದರಲ್ಲಿ ತಯಾರಿಕಾ ವಲಯಕ್ಕೆ ಬಂದದ್ದು ಸುಮಾರು 19 ಬಿಲಿಯನ್ ಮಾತ್ರ. ಹಳೆಯ ಹೂಡಿಕೆದಾರರು ಷೇರು ಮಾರಿ ವಾಪಸ್ ಒಯ್ದದ್ದನ್ನೂ ನಮ್ಮ ಕಂಪನಿಗಳು ಹೊರದೇಶದಲ್ಲಿ ಹೂಡಿದ್ದನ್ನೂ ಕಳೆದರೆ, ಆ ವರ್ಷದ ನಿವ್ವಳ ಮೊತ್ತ ಒಂದು ಬಿಲಿಯನ್ನನ್ನೂ ಮುಟ್ಟಲಿಲ್ಲ. ಷೇರು ಮಾರಿ ಹಣ ಒಯ್ಯುವುದು ಅಪರಾಧವಲ್ಲ. ಮಾರಿ ಹೊರಡಲು ಸಾಧ್ಯ ಎಂಬ ನಂಬಿಕೆ ಇದ್ದರೆ ಮಾತ್ರ ಮುಂದಿನವನು ಹಣ ತರುತ್ತಾನೆ. ಆದರೆ ಬಂಡವಾಳ ಹೋದ ಮೇಲೂ ಊರಿನಲ್ಲಿ ಏನು ಉಳಿಯುತ್ತದೆ ಎಂದು ಕೇಳುವ ಹಕ್ಕು ನಮಗಿದೆ.

ನರಸಾಪುರದ ಮೊದಲ ಶಿಫ್ಟ್, ಕೋಲಾರ

ನಾನು ಐಟಿಐ ಫಿಟ್ಟರ್ ಮಾಡಿಕೊಂಡವಳು. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಏಜೆನ್ಸಿ ಮೂಲಕ ಕೆಲಸದಲ್ಲಿದ್ದೇನೆ. ಯಾವ ಕಾರ್ಖಾನೆ ಎಂದು ಹೇಳುವುದಿಲ್ಲ. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಕಂಪನಿ ಬಸ್ಸು ನಮ್ಮ ಊರಿನ ಗೇಟಿಗೆ ಬರುತ್ತದೆ. ಓಲೆ, ಉಂಗುರ, ಕೂದಲಿನ ಪಿನ್ನು ಎಲ್ಲವನ್ನೂ ಲಾಕರಿನಲ್ಲಿಟ್ಟು, ನೀಲಿ ಕೋಟು ತೊಟ್ಟು, ತಪಾಸಣೆ ದಾಟಿ ಲೈನಿಗೆ ಹೋಗಬೇಕು. ನನ್ನ ಸ್ಟೇಷನ್ನಿನಲ್ಲಿ ನಾಲ್ಕು ತಿರುಪುಗಳಿವೆ. ಅವು ಎಳ್ಳಿಗಿಂತ ಚಿಕ್ಕವು. ಟಾರ್ಕ್ ಡ್ರೈವರ್ ಸದ್ದು ಮಾಡಿ ನಿಂತು ಹಸಿರು ದೀಪ ಹತ್ತಿದರೆ ಪೀಸ್ ಮುಂದಕ್ಕೆ ಹೋಗುತ್ತದೆ. ಮೂರು ವರ್ಷವೂ ಅದೇ ನಾಲ್ಕು ತಿರುಪುಗಳು.

ಈ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈ ಸಂಬಳದಲ್ಲಿಯೇ ತಂಗಿಯನ್ನು ನರ್ಸಿಂಗ್ ಓದಿಸುತ್ತಿದ್ದೇನೆ. ನಮ್ಮ ಅಮ್ಮನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಟೊಮೆಟೊ ಬಿಡಿಸುವ ಕೂಲಿಯೊಂದನ್ನು ಬಿಟ್ಟರೆ ತಿಂಗಳ ಸಂಬಳವೆಂಬುದು ಇರಲಿಲ್ಲ. ಆದರೆ ನಾಳೆ ಏಜೆನ್ಸಿ ಬೇಡವೆಂದರೆ, ಫಿಟ್ಟರ್ ಎಂದು ಹೇಳಿಕೊಳ್ಳಲು ನನ್ನ ಕೈಯಲ್ಲಿ ಏನು ಉಳಿದಿರುತ್ತದೆ? ಐಟಿಐನಲ್ಲಿ ಅರ ಹಿಡಿದು ಸಮತಟ್ಟು ಮಾಡುವುದನ್ನು ಕಲಿತಿದ್ದೆ, ಅದೂ ಮರೆತುಹೋಗಿದೆ.

2020ರ ಡಿಸೆಂಬರ್ 12ರಂದು ಆಪಲ್ ಕಂಪನಿಗೆ ಫೋನ್ ಜೋಡಿಸುತ್ತಿದ್ದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ಗಲಭೆ ಎಲ್ಲರಿಗೂ ಗೊತ್ತು. ಗಾಜು ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಡದೆ, ಕೆಲವರಿಗೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ವೇತನ ತಡವಾಗಿತ್ತು ಎಂದು ಆಪಲ್ ಕಂಪನಿಯೇ ತನ್ನ ತನಿಖೆಯ ಬಳಿಕ ಹೇಳಿತು. ಆ ಕಾರ್ಖಾನೆ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು. ಬಂಡವಾಳ ತರುವವರಿಗೆ ಏಕಗವಾಕ್ಷಿ ವ್ಯವಸ್ಥೆ ಇದೆ. ಏಜೆನ್ಸಿ ಕಾರ್ಮಿಕರ ದೂರಿಗೂ ಒಂದೇ ಕಿಟಕಿ ಇರಬೇಕಲ್ಲವೇ? ಈಗ ಏಜೆನ್ಸಿಯನ್ನು ಕೇಳಿದರೆ ಕಂಪನಿ ಎನ್ನುತ್ತಾರೆ, ಕಂಪನಿಯನ್ನು ಕೇಳಿದರೆ ಏಜೆನ್ಸಿ ಎನ್ನುತ್ತಾರೆ.

ಕೋರ ಹೋಬಳಿಯವನು

ವಸಂತನರಸಾಪುರಕ್ಕೆ ನಮ್ಮ ಮನೆಯ ಜಮೀನೂ ಹೋಗಿದೆ. ಬಂದ ಪರಿಹಾರದಲ್ಲಿ ಅಣ್ಣ ಎರಡು ಟಿಪ್ಪರ್ ತೆಗೆದುಕೊಂಡ, ನಾನು ಮನೆ ಕಟ್ಟಿ ಬಾಡಿಗೆಗೆ ಕೊಟ್ಟೆ. ಬಾಡಿಗೆಗೆ ಇರುವವರೆಲ್ಲ ಒಡಿಶಾ, ಬಿಹಾರದ ಹುಡುಗರು, ಒಳ್ಳೆಯವರು. ನಮ್ಮ ಮಕ್ಕಳಿಗೆ ಒಳಗೆ ಕೆಲಸ ಕೇಳಿದರೆ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಎನ್ನುತ್ತಾರೆ. ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯನ್ನು 2024ರ ಜುಲೈನಲ್ಲಿ ಸರ್ಕಾರ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಕಲಿಸದೆ ಮೀಸಲಿಟ್ಟರೆ ಪ್ರಯೋಜನವಿಲ್ಲ ಎಂಬುದೂ ನನಗೆ ಗೊತ್ತು.

ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ

ನಮ್ಮ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆ ಜಮೀನು ಕೊಡಬೇಕೋ ಬೇಡವೋ ಎಂಬುದು ಮನೆಮನೆಯ ಮಾತಾಗಿದೆ. ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ, ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರೇ ಎರಡು ಕಡೆ ಇದ್ದಾರೆ. ನಾನು ಒಪ್ಪದವರ ಕಡೆಯವನು, ಕಾರಣವನ್ನು ಹೇಳುತ್ತೇನೆ. ಹಿಪ್ಪುನೇರಳೆ ತೋಟವಿದ್ದರೆ ವರ್ಷಕ್ಕೆ ಐದಾರು ಬೆಳೆ ಗೂಡು ಬರುತ್ತದೆ. ಆ ಗೂಡನ್ನು ನಂಬಿ ಪಟ್ಟಣದಲ್ಲಿ ರೀಲರುಗಳು, ಅವರಲ್ಲಿ ದಾರ ತೆಗೆಯುವ ಹೆಣ್ಣುಮಕ್ಕಳು, ನೂಲು ಹುರಿ ಮಾಡುವವರು ಬದುಕುತ್ತಾರೆ. ಇದೂ ದೇಶೀ ತಯಾರಿಕೆಯೇ, ಆದರೆ ಯಾವ ಹೂಡಿಕೆದಾರರ ಸಮಾವೇಶದಲ್ಲಿಯೂ ಇದನ್ನು ಕಾರ್ಖಾನೆಯೆಂದು ಎಣಿಸುವುದಿಲ್ಲ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2021ರ ಬಜೆಟ್‌ನಲ್ಲಿ ಶೇ 10ರಿಂದ 15ಕ್ಕೆ ಏರಿಸಿದಾಗ ನಮಗೆ ಸ್ವಲ್ಪ ಉಸಿರಾಡುವಂತಾಯಿತು. ಆದರೆ ಒಳ್ಳೆಯ ದರ್ಜೆಯ ದಾರ ತೆಗೆಯಲು ಸಹಾಯಧನ ಪಡೆದು ತರಿಸಿದ ಸ್ವಯಂಚಾಲಿತ ಯಂತ್ರಗಳು ಚೀನಾದವು. ವರ್ಕ್‌ಶಾಪಿನವರಂಥ ಹತ್ತು ಜನ ಇಲ್ಲಿದ್ದಿದ್ದರೆ ಅದರ ಬಿಡಿಭಾಗಕ್ಕಾದರೂ ನಾವು ಕಾಯಬೇಕಾಗಿರಲಿಲ್ಲ.

ಜಮೀನಿನ ವಿಷಯದಲ್ಲಿ ಒಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) 1966ರ ಕಾಯ್ದೆಯಲ್ಲಿ ಕಲಂ 28(1)ರದು ಪ್ರಾಥಮಿಕ ಅಧಿಸೂಚನೆ, 28(4)ರದು ಅಂತಿಮ ಅಧಿಸೂಚನೆ. ಇವೆರಡರ ನಡುವೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ, ಅದನ್ನು ಬರವಣಿಗೆಯಲ್ಲಿಯೇ ಕೊಡಬೇಕು. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತ ಮೇಲೆ, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಟ್ಟಿತು. ಮೊದಲೇ ಹಂಚಿದ ನಿವೇಶನಗಳಲ್ಲಿ ಎಷ್ಟು ಖಾಲಿ ಬಿದ್ದಿವೆ ಎಂಬ ಲೆಕ್ಕವನ್ನು ಜನರ ಮುಂದಿಟ್ಟು, ಆಮೇಲೆ ಹೊಸ ಜಮೀನು ಕೇಳಲಿ ಎಂಬುದು ನಮ್ಮ ಬೇಡಿಕೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಸಂಸ್ಕರಿಸಿದ ನೀರು ಎಚ್‌ಎನ್ ವ್ಯಾಲಿ ಯೋಜನೆಯಿಂದ ಕೆರೆಗೆ ಬಂದರೆ ಬೋರ್‌ವೆಲ್‌ಗಳಿಗೆ ಜೀವ ಬರುತ್ತದೆ. ಕಾರ್ಖಾನೆಗಳಿಗೆ ನೀರು ಎಲ್ಲಿಂದ ಎಂಬುದನ್ನೂ ಮೊದಲೇ ಹೇಳಬೇಕು.

ಮಾರಿಕುಪ್ಪಂ ರೈಲು, ಕೆಜಿಎಫ್

ವಿದೇಶಿ ಬಂಡವಾಳ ನಮ್ಮ ಜಿಲ್ಲೆಗೆ ಹೊಸದಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ 1880ರಲ್ಲಿಯೇ ಇಲ್ಲಿ ಚಿನ್ನ ತೆಗೆಯಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು, ಆಗ ಬೆಂಗಳೂರಿಗೇ ಕರೆಂಟಿರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆ ಸಿಡಿಯದಂತೆ ಆಧಾರ ಕೊಡುವ, ಹಗ್ಗದ ತೊಟ್ಟಿಲನ್ನು ಇಳಿಸಿ ಏರಿಸುವ ಕಸುಬು ನಮ್ಮ ತಾತ, ಅಪ್ಪಂದಿರ ಕೈಯಲ್ಲಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಆ ಕಸುಬನ್ನು ಕೊಳ್ಳುವವರು ಸುತ್ತಮುತ್ತ ಯಾರೂ ಇರಲಿಲ್ಲ. 1964ರಲ್ಲಿ ಬಂದ, ಭಾರಿ ಯಂತ್ರ ತಯಾರಿಸುವ ಬಿಇಎಂಎಲ್ ಕಾರ್ಖಾನೆಯೊಂದು ಇದ್ದುದರಿಂದ ಊರು ಪೂರ್ತಿ ಖಾಲಿಯಾಗಲಿಲ್ಲ. ಉಳಿದವರು ಇಂದಿಗೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಮಾತ್ರ ಹಾಗೆಯೇ ನಿಂತಿವೆ, ಗಾಳಿ ಬೀಸಿದಾಗ ದೂಳು ಮನೆಯೊಳಗೆ ಬರುತ್ತದೆ. ಒಂದೇ ದೊಡ್ಡ ಕಾರ್ಖಾನೆಯ ಮೇಲೆ ಊರನ್ನು ಕಟ್ಟಬೇಡಿ ಎಂದು ನರಸಾಪುರ, ವೇಮಗಲ್ ಕಡೆಯವರನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬಿದರೆಹಳ್ಳ ಕಾವಲಿನ ನೆರೆಯವನು, ಗುಬ್ಬಿ

ಇಲ್ಲಿ ನಿರಾಸೆಯ ಮಾತು ಹೆಚ್ಚಾಯಿತು ಎನ್ನಿಸಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು, ಉದ್ಘಾಟನೆಯಾದದ್ದು 2023ರ ಫೆಬ್ರುವರಿ 6ರಂದು. ಏಳು ವರ್ಷ ಕಳೆಯಿತು ಎಂದು ಆಗ ನಾವೂ ಬೇಸರಪಟ್ಟಿದ್ದೆವು. ಆದರೆ 2025ರ ಮಾರ್ಚ್‌ನಲ್ಲಿ 156 ‘ಪ್ರಚಂಡ’ ಯುದ್ಧ ಹೆಲಿಕಾಪ್ಟರುಗಳಿಗೆ ಸುಮಾರು 62,700 ಕೋಟಿ ರೂಪಾಯಿಯ ಒಪ್ಪಂದವಾಗಿ, ಬೆಂಗಳೂರಿನ ಜೊತೆಗೆ ತುಮಕೂರಿನಲ್ಲಿಯೂ ಅವು ತಯಾರಾಗಲಿವೆ. ಅದರ ‘ಶಕ್ತಿ’ ಎಂಬ ಎಂಜಿನ್ ಫ್ರಾನ್ಸಿನ ಕಂಪನಿಯೊಂದಿಗೆ ಸೇರಿ ಎಚ್‌ಎಎಲ್ ರೂಪಿಸಿದ್ದು. ಹೊರಗಿನ ತಂತ್ರಜ್ಞಾನವನ್ನು ಕೂಡಿ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ವೇಮಗಲ್‌ನಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುವ ಘಟಕಕ್ಕೂ ನಿರ್ಧಾರವಾಗಿದೆ. ವಸಂತನರಸಾಪುರದಲ್ಲಿ 530 ಎಕರೆಯ ಮೆಷಿನ್ ಟೂಲ್ ಪಾರ್ಕ್ ಬಂದಿದೆ, ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸುವ ಜಾಗವದು. ಇಂಥ ಕೆಲಸಕ್ಕೆ ಬೇಕಾದ ಪ್ರಮಾಣಪತ್ರ, ಅಳತೆಯ ಶಿಸ್ತು ವರ್ಷದಲ್ಲಿ ಬರುವುದಲ್ಲ. ವರ್ಕ್‌ಶಾಪಿನವರು ಧೈರ್ಯಗೆಡಬಾರದು.

ಹಳೆಯ ಗಡಿಯಾರ ಕಾರ್ಖಾನೆ, ತುಮಕೂರು

ಎಲ್ಲರ ಬರಹವನ್ನೂ ಓದಿದೆ. ನಾನು ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಅಚ್ಚು, ಉಪಕರಣ ಮಾಡುವ ಟೂಲ್ ರೂಮಿನಲ್ಲಿ ದುಡಿದವನು, ನಿವೃತ್ತನಾಗಿ ಬಹಳ ವರ್ಷಗಳಾದವು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ಮಾಡಲು ತೊಡಗಿತು. ತುಮಕೂರಿಗೆ ಕಾರ್ಖಾನೆ ಬಂದದ್ದು 1978ರಲ್ಲಿ. ಕೆಲಸ ಜಪಾನಿನವರಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ನಮ್ಮ ಹಳ್ಳಿ ಹುಡುಗರಿಗೆ ಕೈಯಿಂದ ಕೈಗೆ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು, ನಮ್ಮ ಕಾರ್ಖಾನೆಯ ಜಾಗವೀಗ ಇಸ್ರೋ ಬಳಿ ಇದೆ. ಜಾಗ ಒಳ್ಳೆಯವರ ಕೈ ಸೇರಿತು ಎಂಬ ಸಮಾಧಾನ ನನಗಿದೆ. ಆದರೆ ಕೆಲಸ ಗೊತ್ತಿದ್ದವರನ್ನು ಯಾರೂ ಕರೆದು ಕೇಳಲಿಲ್ಲ. ಒಬ್ಬರು ದಿನಸಿ ಅಂಗಡಿ ಇಟ್ಟರು, ಕೆಲವರು ತೀರಿಕೊಂಡರು.

ವರ್ಕ್‌ಶಾಪಿನವರೇ, ನಿಮ್ಮ ಆರು ನೂರು ಬುಶ್‌ಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಹುಡುಗರು ಅಳೆದದ್ದು ಯಂತ್ರದಿಂದ ತೆಗೆದ ಕೂಡಲೇ ಇರಬೇಕು. ಶೆಡ್ಡಿನಲ್ಲಿ ತಗಡಿನ ಮಾಡು ಇದ್ದು ಮಧ್ಯಾಹ್ನದ ಹೊತ್ತಾಗಿದ್ದರೆ ಆ ತುಂಡು ನಲವತ್ತು ಡಿಗ್ರಿ ಬಿಸಿ ಇದ್ದರೂ ಆಶ್ಚರ್ಯವಿಲ್ಲ. ಕಂಪನಿಯ ಅಳತೆ ಕೋಣೆಯಲ್ಲಿ ಇಪ್ಪತ್ತು ಡಿಗ್ರಿ ಇರುತ್ತದೆ, ಪ್ರಪಂಚದಲ್ಲೆಲ್ಲ ಅಳತೆಗೆ ಅದೇ ಆಧಾರ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿಗೆ ಸುಮಾರು ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತದೆ. ನಲವತ್ತು ಮಿಲಿಮೀಟರ್ ವ್ಯಾಸಕ್ಕೆ ಇಪ್ಪತ್ತು ಡಿಗ್ರಿಯ ವ್ಯತ್ಯಾಸವನ್ನು ಗುಣಿಸಿ ನೋಡಿ, ಒಂಬತ್ತು ಮೈಕ್ರಾನ್ ಸಿಗುತ್ತದೆ. ನಿಮಗೆ ಕಡಿಮೆ ಬಿದ್ದದ್ದೂ ಅಷ್ಟೇ.

ಟೂಲ್ ರೂಮಿಗೆ ಸೇರಿದ ಮೊದಲ ವಾರವೇ ನಮಗೆ ಇದನ್ನು ಕಲಿಸಿದ್ದರು. ಹೊಸಬನ ಅಂಗೈಯಲ್ಲಿ ಗೇಜ್ ಬ್ಲಾಕನ್ನು (ಅಳತೆಗೆ ಆಧಾರವಾದ ಉಕ್ಕಿನ ತುಂಡು) ಐದು ನಿಮಿಷ ಹಿಡಿಸಿ, ಆಮೇಲೆ ಅಳೆಸಿ ತೋರಿಸುತ್ತಿದ್ದರು. ಮೈಯ ಬಿಸಿಗೇ ಮುಳ್ಳು ಸರಿಯುತ್ತಿತ್ತು. ಆ ದಿನದಿಂದ ನಾನು ಅಳೆಯುವ ತುಂಡನ್ನು ಬರಿಗೈಯಲ್ಲಿ ಹೆಚ್ಚು ಹೊತ್ತು ಹಿಡಿದವನಲ್ಲ.

ಏಸಿ ಕೋಣೆ ಕಟ್ಟುವಷ್ಟು ಹಣವಿಲ್ಲದಿದ್ದರೆ ಚಿಂತೆಯಿಲ್ಲ. ಕಂಪನಿಯಲ್ಲಿ ಪಾಸಾದ ಒಂದು ಬುಶ್ಶನ್ನು ಅವರ ಅಳತೆಯ ಸಮೇತ ಕೇಳಿ ಪಡೆಯಿರಿ, ಅದೇ ನಿಮ್ಮ ಮಾಸ್ಟರ್. ದಪ್ಪನೆಯ ಬೀಡುಕಬ್ಬಿಣದ ಹಲಗೆಯ ಮೇಲೆ ಮಾಸ್ಟರನ್ನೂ ಮಾಡಿದ ತುಂಡುಗಳನ್ನೂ ಒಂದು ಗಂಟೆ ಜೊತೆಯಾಗಿ ಬಿಡಿ. ಎರಡೂ ಒಂದೇ ಬಿಸಿಗೆ ಬಂದ ಮೇಲೆ ಮಾಸ್ಟರಿಗೆ ಹೋಲಿಸಿ ಅಳೆಯಿರಿ. ಬಿಸಿಲು ಬೀಳುವ ಕಿಟಕಿಯ ಬಳಿ ಹಲಗೆ ಬೇಡ.

ನರಸಾಪುರದ ಮಗಳಿಗೆ ಒಂದು ಮಾತು. ಅರ ಹಿಡಿದ ಕೈ ಪೂರ್ತಿ ಮರೆಯುವುದಿಲ್ಲಮ್ಮ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಅಲ್ಪಾವಧಿಯ ತರಬೇತಿಗಳಿವೆ, ವಿಚಾರಿಸು. ನೇಮಕಾತಿ ಪತ್ರ ಸಿಕ್ಕಿಲ್ಲವಾದರೆ ಈಗಲೇ ಕೇಳಿ ಪಡೆದುಕೋ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ.

ಅಂತರಸನಹಳ್ಳಿ ವರ್ಕ್‌ಶಾಪ್, ತುಮಕೂರು

ಹಿರಿಯರಿಗೆ ನಮಸ್ಕಾರ. ನಿಮ್ಮ ಬರಹ ಓದಿದ ದಿನವೇ ವಾಪಸ್ ಬಂದ ಬುಶ್‌ಗಳಲ್ಲಿ ಹತ್ತನ್ನು ತೆಗೆದು, ರಾತ್ರಿಯಿಡೀ ಹಲಗೆಯ ಮೇಲೆ ಬಿಟ್ಟು, ಬೆಳಿಗ್ಗೆ ಆರಕ್ಕೆ ಯಂತ್ರ ಚಾಲು ಮಾಡುವ ಮೊದಲು ಅಳೆದೆ. ಹತ್ತೂ ಕಡಿಮೆ ಬಂದವು, ಏಳರಿಂದ ಎಂಟು ಮೈಕ್ರಾನ್. ಶೆಡ್ಡಿನ ಥರ್ಮಾಮೀಟರ್ ಇಪ್ಪತ್ಮೂರು ತೋರಿಸುತ್ತಿತ್ತು. ಕಂಪನಿಯವರ ವರದಿ ಸರಿಯಾಗಿಯೇ ಇತ್ತು, ತಪ್ಪು ನನ್ನದು. ಇದನ್ನು ಹೇಳಿಕೊಡುವ ಒಬ್ಬರನ್ನು ಹುಡುಕಲು ನನಗೆ ಹತ್ತು ವರ್ಷ ಹಿಡಿಯಿತು ಎಂಬುದೇ ಸಂಕಟ.

ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಅರ್ಜಿ ಬರೆಯುತ್ತಿದ್ದೇನೆ. ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿಯ ಸಣ್ಣ ಘಟಕಗಳಿಗೆಲ್ಲ ಸೇರಿ ಒಂದು ಅಳತೆ ಕೋಣೆ ಬೇಕು ಎಂದು, ಮತ್ತು ಅದನ್ನು ನಡೆಸಲು ಎಚ್‌ಎಂಟಿಯ ನಿವೃತ್ತರನ್ನೇ ಗೌರವಧನ ಕೊಟ್ಟು ಕರೆಯಬೇಕು ಎಂದು. ಉಪನ್ಯಾಸಕಿ ಮೇಡಂ, ನಿಮ್ಮ ಅಂಕಿಗಳನ್ನು ಅರ್ಜಿಯಲ್ಲಿ ಬಳಸಿಕೊಳ್ಳುತ್ತೇನೆ, ಒಮ್ಮೆ ತಿದ್ದಿಕೊಡಬೇಕು. ಸಹಿ ಹಾಕುವ ಘಟಕದವರು ಶನಿವಾರದೊಳಗೆ ತಿಳಿಸಿ. ಮತ್ತೆ ಆರು ನೂರು ಬುಶ್ ಮಾಡಿಕೊಡಲು ಕಂಪನಿಯವರು ಒಪ್ಪಿದ್ದಾರೆ. ಕಚ್ಚಾ ಮಾಲಿನ ಖರ್ಚು ನನ್ನದೇ.